ಹೆಸರು ಸೇರಿಸಿ, ಕಾರ್ಡ್ ಕೈಗೆ ಕೊಡಬೇಡಿ

ಅಮೆರಿಕದಲ್ಲೊಂದು ಕನ್ನಡದ ಮನೆ. ಊರು ಎಡಿಸನ್ ಅನ್ನಿ, ಫ್ರೀಮಾಂಟ್ ಅನ್ನಿ. ಭಾನುವಾರದ ದೋಸೆ ಮುಗಿದು ಎರಡನೇ ಸುತ್ತಿನ ಕಾಫಿ ನಡೆದಿದೆ. ಗ್ರೀನ್ ಕಾರ್ಡ್ ಇರುವ ಭಾಮೈದನಿಗೆ ಹೋದ ವರ್ಷ ಕೆಲಸ ಹೋಗಿತ್ತು. ಆ ತಿಂಗಳುಗಳಲ್ಲಿ ಎರಡು ಕ್ರೆಡಿಟ್ ಕಾರ್ಡುಗಳ ಬಿಲ್ ಕಟ್ಟಲಾಗಲಿಲ್ಲ. ಈಗ ಹೊಸ ಕೆಲಸ ಸಿಕ್ಕಿದೆ, ಸಂಬಳವೂ ಚೆನ್ನಾಗಿದೆ, ಬಾಡಿಗೆಗೆ ಮನೆ ಮಾತ್ರ ಸಿಗುತ್ತಿಲ್ಲ. ಅಪಾರ್ಟ್‌ಮೆಂಟ್ ಆಫೀಸಿನವರು ಅವನ ಕ್ರೆಡಿಟ್ ಸ್ಕೋರ್ ತೆಗೆದು ನೋಡಿ ಆಗುವುದಿಲ್ಲ ಅಂದಿದ್ದಾರೆ.

“ರೀ, ನಿಮ್ಮ ಕಾರ್ಡಿಗೆ ಇವನ ಹೆಸರು ಸೇರಿಸಿಬಿಡಿ. ನಿಮ್ಮ ಸ್ಕೋರ್ ಎಂಟುನೂರು ಇದೆಯಲ್ಲ, ಇವನಿಗೂ ಸ್ವಲ್ಪ ಅನುಕೂಲ ಆಗುತ್ತೆ” ಎನ್ನುತ್ತಾಳೆ ಅಕ್ಕ.

“ಇವನದ್ದು ನನಗೆ ಅಂಟಿಕೊಂಡರೆ?” ಎಂದು ಭಾವ ನಗುತ್ತಲೇ ಕೇಳುತ್ತಾನೆ. ಅರ್ಧ ತಮಾಷೆ, ಅರ್ಧ ಭಯ. ಭಾಮೈದ ಲೋಟದೊಳಗೆ ನೋಡುತ್ತಾ “ಬೇಡ ಬಿಡಿ ಭಾವ” ಅನ್ನುತ್ತಾನೆ.

ಇಂಥ ಮಾತು ಅಮೆರಿಕದಲ್ಲಿ ಎಲ್ಲ ಬಗೆಯ ಮನೆಗಳಲ್ಲೂ ನಡೆಯುತ್ತದೆ. ಅಪ್ಪ ಮಗಳನ್ನು ಸೇರಿಸುತ್ತಾನೆ, ಗಂಡ ಹೆಂಡತಿಯನ್ನು, ಅಣ್ಣ ತಮ್ಮನನ್ನು. ಹಾಗೆ ಸೇರಿದವರನ್ನು ಅಲ್ಲಿನ ಬ್ಯಾಂಕುಗಳು ಆಥರೈಸ್ಡ್ ಯೂಸರ್ ಎನ್ನುತ್ತವೆ. ಭಾವನ ಪ್ರಶ್ನೆಗೆ ಉತ್ತರ ಸರಳ: ಅಂಟುವುದಿಲ್ಲ. ಅಂಟುವ ವಸ್ತು ಬೇರೆ ಇದೆ, ಅದರ ಬಗ್ಗೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಮೂರು ಕಡತ, ಒಂದು ಅಂಕಿ

ಅಮೆರಿಕದಲ್ಲಿ ಸಾಲ ಮಾಡಿದವರ ಹೆಸರಿನಲ್ಲಿ ಸಾಮಾನ್ಯವಾಗಿ ಮೂರು ಕಡತಗಳಿರುತ್ತವೆ. ಇವುಗಳನ್ನು ಇಟ್ಟುಕೊಂಡಿರುವವು ಕ್ರೆಡಿಟ್ ಬ್ಯೂರೋ ಎನ್ನುವ ಖಾಸಗಿ ಕಂಪನಿಗಳು: ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್. ಯಾವ ಬ್ಯಾಂಕಿನಲ್ಲಿ ಎಷ್ಟು ಸಾಲ, ಯಾವ ತಿಂಗಳು ಕಟ್ಟಿದರು, ಯಾವ ತಿಂಗಳು ತಪ್ಪಿಸಿದರು ಎಂಬುದೆಲ್ಲ ಅಲ್ಲಿಗೆ ಹೋಗುತ್ತದೆ. ಈಕ್ವಿಫ್ಯಾಕ್ಸಿನ ಹಿಂದಿನ ರೂಪವಾದ ಕಂಪನಿ ಅಟ್ಲಾಂಟಾದಲ್ಲಿ ಶುರುವಾದದ್ದು 1899ರಲ್ಲಿ. ಈ ದಂಧೆ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು.

ಕಡತ ಓದಿ ಅಂಕಿ ಕೊಡುವವರು ಇನ್ನೊಬ್ಬರು. ಬಿಲ್ ಫೇರ್ ಎಂಬ ಇಂಜಿನಿಯರ್ ಮತ್ತು ಅರ್ಲ್ ಐಸಾಕ್ ಎಂಬ ಗಣಿತಜ್ಞ 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಂಪನಿಯೇ ಇವತ್ತಿನ ಫೈಕೊ. ಅದರ ಸ್ಕೋರ್ ಎಲ್ಲೆಡೆ ಬಳಕೆಗೆ ಬಂದದ್ದು 1989ರಿಂದ ಈಚೆಗೆ. 300ರಿಂದ 850ರವರೆಗಿನ ಈ ಅಂಕಿಯಲ್ಲಿ ಹೊತ್ತಿಗೆ ಸರಿಯಾಗಿ ಕಟ್ಟಿದ್ದಕ್ಕೆ 35% ತೂಕ, ಎಷ್ಟು ಬಾಕಿ ಇದೆ ಎಂಬುದಕ್ಕೆ 30%, ದಾಖಲೆ ಎಷ್ಟು ಹಳೆಯದು ಎಂಬುದಕ್ಕೆ 15%. ಉಳಿದದ್ದು ಹೊಸ ಸಾಲ ಮತ್ತು ಸಾಲದ ಬಗೆಗಳಿಗೆ ಹಂಚಿಹೋಗುತ್ತದೆ.

ಸಂಬಳ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಎಂಬುದೂ ಬರುವುದಿಲ್ಲ. ನಮ್ಮ ಕಡೆಯಿಂದ ಹೋದವರಿಗೆ ಮೊದಲು ಗೊಂದಲವಾಗುವುದು ಇಲ್ಲೇ. ಬೆಂಗಳೂರಿನಲ್ಲಿ ಸ್ವಂತ ಮನೆ, ಒಳ್ಳೆಯ ಸಿಬಿಲ್ ಸ್ಕೋರ್ ಇದ್ದವರೂ ಅಲ್ಲಿ ಇಳಿದ ದಿನ ಖಾಲಿ ಕಡತದವರು. ಹೊರದೇಶದ ದಾಖಲೆಯನ್ನು ನೋಡುವ ಕಾರ್ಡ್ ಕಂಪನಿಗಳು ತೀರಾ ಕಡಿಮೆ.

ಯಜಮಾನನ ಲೆಕ್ಕ, ಹುಡುಗನ ಕೈ

ಹಳ್ಳಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಕಂಡವರಿಗೆ ಆಥರೈಸ್ಡ್ ಯೂಸರ್ ವ್ಯವಸ್ಥೆ ತಕ್ಷಣ ಅರ್ಥವಾಗುತ್ತದೆ. ಲೆಕ್ಕ ಯಜಮಾನರ ಹೆಸರಿನಲ್ಲಿ. ಮನೆಯ ಹುಡುಗ ಹೋಗಿ “ನಮ್ಮ ಲೆಕ್ಕಕ್ಕೆ ಬರೆದುಕೊಳ್ಳಿ” ಅಂದರೆ ಸಕ್ಕರೆ ಸಿಗುತ್ತದೆ. ತಿಂಗಳ ಕೊನೆಗೆ ಶೆಟ್ಟರು ಹುಡುಗನನ್ನು ಕೇಳುವುದಿಲ್ಲ, ಯಜಮಾನರನ್ನು ಕೇಳುತ್ತಾರೆ.

ಅಮೆರಿಕದ ಕಾರ್ಡಿನಲ್ಲೂ ಹಾಗೆಯೇ. ಸೇರಿಸಿದವರಿಗೆ ಅವರದೇ ಹೆಸರಿನ ಕಾರ್ಡ್ ಬರುತ್ತದೆ, ಖರ್ಚು ಮಾಡಬಹುದು, ಕಟ್ಟುವ ಹೊಣೆ ಮಾತ್ರ ಮೂಲ ಕಾರ್ಡಿನವರದು. ಹೊಣೆ ಇಲ್ಲದ ಕಾರಣ ಸೇರಿಸುವಾಗ ಬ್ಯಾಂಕು ಸಾಮಾನ್ಯವಾಗಿ ಆ ವ್ಯಕ್ತಿಯ ಸ್ಕೋರ್ ನೋಡುವುದಿಲ್ಲ. ಹೆಸರು, ಹುಟ್ಟಿದ ದಿನ, ವಿಳಾಸ, ಹೆಚ್ಚೆಂದರೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೇಳುತ್ತದೆ. ಭಾಮೈದನ ಸ್ಕೋರ್ 520 ಇದ್ದರೂ ಬ್ಯಾಂಕಿಗೆ ತಕರಾರಿಲ್ಲ.

ಶೆಟ್ಟರ ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿ ಇಲ್ಲಿದೆ. ಆ ಕಾರ್ಡಿನ ಇತಿಹಾಸ ಸೇರಿಸಿದವರ ಕಡತದಲ್ಲೂ ಮೂಡುತ್ತದೆ. ಭಾವ ಹತ್ತು ವರ್ಷದಿಂದ ಒಂದೂ ಬಿಲ್ ತಪ್ಪಿಸದೆ ಕಟ್ಟಿದ ಕಾರ್ಡ್ ಆಗಿದ್ದರೆ, ಸಾಮಾನ್ಯವಾಗಿ ಆ ಹತ್ತು ವರ್ಷದ ಲೆಕ್ಕ ಪೂರ್ತಿ ಭಾಮೈದನ ಕಡತಕ್ಕೂ ಬರುತ್ತದೆ. ಅವನ ಹಳೆಯ ತಪ್ಪುಗಳು ಭಾವನ ಕಡತಕ್ಕೆ ದಾಟುವುದಿಲ್ಲ. ಹರಿವು ಒಂದೇ ಕಡೆಗೆ.

ಹೆಂಡತಿಯರಿಗಾಗಿ ಬಂದ ನಿಯಮ

ಹೊಣೆಯೇ ಇಲ್ಲದವರಿಗೆ ಪುಣ್ಯ ಮಾತ್ರ ಯಾಕೆ? ಇದರ ಹಿಂದೆ ಹೆಂಗಸರ ಕತೆಯಿದೆ.

1970ರ ದಶಕದ ಮೊದಲ ವರ್ಷಗಳವರೆಗೂ ಅಮೆರಿಕದಲ್ಲಿ ಮದುವೆಯಾದ ಹೆಂಗಸು ಸ್ವಂತ ಹೆಸರಿನಲ್ಲಿ ಸಾಲ ಕೇಳಿದರೆ ಬ್ಯಾಂಕುಗಳು ಗಂಡನ ಸಹಿ ತನ್ನಿ ಅನ್ನುತ್ತಿದ್ದವು. ಅವಳೇ ದುಡಿದು ಬಿಲ್ ಕಟ್ಟಿದರೂ ಖಾತೆ ಗಂಡನ ಹೆಸರಿನಲ್ಲಿ, ದಾಖಲೆಯೂ ಗಂಡನ ಕಡತದಲ್ಲಿ. ಗಂಡ ತೀರಿಕೊಂಡರೆ, ವಿಚ್ಛೇದನವಾದರೆ, ಇಪ್ಪತ್ತು ವರ್ಷ ಸಂಸಾರದ ಲೆಕ್ಕ ನಡೆಸಿದವಳು ಸಾಲದ ಲೋಕದಲ್ಲಿ ಹುಟ್ಟೇ ಇರದವಳಾಗುತ್ತಿದ್ದಳು.

1974ರಲ್ಲಿ ಬಂದ ಸಮಾನ ಸಾಲ ಅವಕಾಶ ಕಾಯ್ದೆ ಇದನ್ನು ಮುರಿಯಿತು. ಅದರಡಿ ಫೆಡರಲ್ ರಿಸರ್ವ್ ಮಾಡಿದ ನಿಯಮ, ಗಂಡ ಹೆಂಡತಿ ಇಬ್ಬರೂ ಬಳಸುವ ಖಾತೆಯನ್ನು ಇಬ್ಬರ ಹೆಸರಿನಲ್ಲೂ ವರದಿ ಮಾಡಬೇಕು ಎಂದಿತು. ಸಹಿ ಹಾಕಿದವರಿಗಷ್ಟೇ ಅಲ್ಲ, ಬಳಸಲು ಅನುಮತಿ ಇರುವ ಸಂಗಾತಿಗೂ ಇದು ಅನ್ವಯ. ಆಥರೈಸ್ಡ್ ಯೂಸರ್ ಹೆಂಡತಿಯೋ ತಂಗಿಯೋ ಗೆಳತಿಯೋ ಎಂದು ಬ್ಯಾಂಕುಗಳು ಬೇರ್ಪಡಿಸಿ ನೋಡಲು ಹೋಗಲಿಲ್ಲ. ಎಲ್ಲರದ್ದನ್ನೂ ವರದಿ ಮಾಡಿದವು. ಹೆಂಡತಿಗಾಗಿ ತೆರೆದ ಬಾಗಿಲಲ್ಲಿ ಭಾಮೈದನೂ ಒಳಗೆ ಬಂದ.

ಇವತ್ತಿಗೂ ಇದರ ಉಪಯೋಗ ಹೆಚ್ಚಾಗಿ ಆಗುತ್ತಿರುವುದು ಖಾಲಿ ಕಡತದವರಿಗೇ. ಎಚ್-4 ವೀಸಾದಲ್ಲಿ ಗಂಡನ ಜೊತೆ ಹೋದ ಮೈಸೂರಿನ, ಹುಬ್ಬಳ್ಳಿಯ ಹೆಣ್ಣುಮಕ್ಕಳನ್ನು ನೆನೆಯಿರಿ. ಇಲ್ಲಿ ಕೆಲಸದಲ್ಲಿದ್ದವರು ಅಲ್ಲಿ ಪ್ರತ್ಯೇಕ ಪರವಾನಗಿ ಇಲ್ಲದೆ ಕೆಲಸ ಮಾಡುವಂತಿಲ್ಲ. ಕೆಲಸದ ಪರವಾನಗಿ ಇಲ್ಲದವರಿಗೆ ಸಾಮಾನ್ಯವಾಗಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಹ ಸಿಗುವುದಿಲ್ಲ. 2013ರಿಂದ ನಿಯಮ ಸ್ವಲ್ಪ ಸಡಿಲವಾಗಿ, 21 ದಾಟಿದವರು ತಮಗೆ ಬಳಸಲು ಸಿಗುವ ಸಂಗಾತಿಯ ಆದಾಯ ತೋರಿಸಿ ಸ್ವಂತ ಕಾರ್ಡಿಗೆ ಅರ್ಜಿ ಹಾಕಬಹುದು. ಅದಕ್ಕೂ ಮುನ್ನದ ಮೊದಲ ಮೆಟ್ಟಿಲು ಗಂಡನ ಕಾರ್ಡಿನಲ್ಲಿ ಹೆಸರು ಸೇರುವುದೇ. ನಂಬರ್ ಇಲ್ಲದಿದ್ದಾಗ ಬ್ಯೂರೋಗಳಿಗೆ ಈ ಲೆಕ್ಕ ಯಾರ ಕಡತದ್ದು ಎಂದು ಹೊಂದಿಸುವುದು ಕಷ್ಟ. ಕಾರ್ಡ್ ಬಂದರೂ ಕಡತ ಖಾಲಿಯಾಗಿಯೇ ಉಳಿಯಬಹುದು.

ಬಾಡಿಗೆಗೆ ಸಿಕ್ಕ ಒಳ್ಳೆಯ ಹೆಸರು

ಲೋಪ ಕಂಡಲ್ಲಿ ವ್ಯಾಪಾರ ಹುಟ್ಟುತ್ತದೆ. ಒಳ್ಳೆಯ ದಾಖಲೆ ಇದ್ದವರ ಕಾರ್ಡಿಗೆ ಗುರುತು ಪರಿಚಯವಿಲ್ಲದವರನ್ನು ಸೇರಿಸಿ, ಕೆಲವು ತಿಂಗಳ ಬಾಡಿಗೆ ವಸೂಲಿ ಮಾಡುವ ಕಂಪನಿಗಳು ಅಮೆರಿಕದಲ್ಲಿ ತಲೆ ಎತ್ತಿದವು. ಕಾರ್ಡ್ ಕೈಗೆ ಬರುವುದಿಲ್ಲ, ಹೆಸರು ಮಾತ್ರ ಕಡತದಲ್ಲಿ ಕೂರುತ್ತದೆ. 2007ಕ್ಕೂ ಮುಂಚೆ ಮನೆ ಸಾಲದ ಹುಚ್ಚು ಏರಿದ್ದ ದಿನಗಳಲ್ಲಿ ಸ್ಕೋರ್ ಏರಿಸಿಕೊಂಡು ಸಾಲ ಗಿಟ್ಟಿಸುವವರಿಗೆ ಇದು ಅಡ್ಡದಾರಿಯಾಯಿತು.

2007ರಲ್ಲಿ ಫೈಕೊ ಸಿಟ್ಟಾಯಿತು. ಮುಂದಿನ ಸ್ಕೋರಿನಲ್ಲಿ ಆಥರೈಸ್ಡ್ ಯೂಸರ್ ಲೆಕ್ಕವನ್ನೇ ಬಿಟ್ಟುಬಿಡುತ್ತೇವೆ ಎಂದು ಪ್ರಕಟಿಸಿತು. ಬಿಟ್ಟರೆ ಬಡಪಾಯಿ ಹೆಂಡತಿಯರ ಗತಿಯೇನು, 1974ರ ಕಾಯ್ದೆಯ ಕತೆಯೇನು ಎಂಬ ಆಕ್ಷೇಪ ಎದ್ದಿತು. ಮರುವರ್ಷ ಕಂಪನಿ ಹಿಂದೆ ಸರಿಯಿತು. ಲೆಕ್ಕ ಉಳಿಯುತ್ತದೆ, ಆದರೆ ಬಾಡಿಗೆಯ ಹೆಸರುಗಳನ್ನು ಗುರುತಿಸಿ ತೂಕ ಇಳಿಸುತ್ತೇವೆ ಎಂದಿತು. ಹೇಗೆ ಗುರುತಿಸುತ್ತದೆ ಎಂಬುದನ್ನು ಬಿಟ್ಟುಕೊಟ್ಟಿಲ್ಲ. ಕೊಡಲೂಬಾರದು.

ಈ ವ್ಯಾಪಾರದ ಜಾಹೀರಾತುಗಳು ಇನ್ನೂ ಕಾಣುತ್ತವೆ. ನೂರಾರು ಡಾಲರ್ ತೆತ್ತು ಅಪರಿಚಿತರ ಹೆಸರಿನ ಹಿಂದೆ ನಿಂತು, ಆ ಸ್ಕೋರ್ ತೋರಿಸಿ ಮನೆ ಸಾಲ ಕೇಳುವುದು ಬ್ಯಾಂಕಿಗೆ ಮೋಸ ಮಾಡಿದ ಆರೋಪದ ತನಕ ಹೋಗಬಹುದು. ವೀಸಾ ಮೇಲೆ ಇರುವವರಂತೂ ಇತ್ತ ತಲೆ ಹಾಕಬಾರದು.

ಅಂಟುವುದು ಯಾವುದು?

ಈಗ ಭಾವನ ಭಯಕ್ಕೆ ಬರೋಣ. ಭಾಮೈದನ ಸ್ಕೋರ್ ಅಂಟುವುದಿಲ್ಲ, ಭಾಮೈದನ ಖರ್ಚು ಅಂಟುತ್ತದೆ.

ಭಾವನ ಕಾರ್ಡಿನ ಮಿತಿ 10,000 ಡಾಲರ್ ಎಂದುಕೊಳ್ಳಿ. ತಿಂಗಳಿಗೆ 1,000 ಬಳಸುತ್ತಾನೆ. ಮಿತಿಯಲ್ಲಿ ಹತ್ತರಲ್ಲೊಂದು ಪಾಲು, ಒಳ್ಳೆಯ ಲಕ್ಷಣ. ಭಾಮೈದ ಒಂದು ಲ್ಯಾಪ್‌ಟಾಪ್, ಹೊಸ ಮನೆಗೆ ಸೋಫಾ, ಬೆಂಗಳೂರಿಗೆ ವಿಮಾನದ ಟಿಕೆಟ್ ಅಂತ 5,000 ಉಜ್ಜಿದರೆ ಬಳಕೆ 60%ಕ್ಕೆ ಏರಿತು. ಇಬ್ಬರ ಸ್ಕೋರೂ ಇಳಿಯುತ್ತದೆ. ಇದಕ್ಕೆ ಪರಿಹಾರವಿದೆ: ಬಾಕಿ ತೀರಿದರೆ ಸ್ಕೋರ್ ಮತ್ತೆ ಏರುತ್ತದೆ. ಬಿಲ್ ಕಟ್ಟಲಾಗದೆ 30 ದಿನ ದಾಟಿದರೆ ಕತೆ ಬೇರೆ. ಆ ಒಂದು ತಪ್ಪು ಭಾವನ ಕಡತದಲ್ಲಿ ಏಳು ವರ್ಷ ಕೂರುತ್ತದೆ. ಬಾಕಿಯ ಮೇಲೆ ವರ್ಷಕ್ಕೆ 20%ಕ್ಕೂ ಮೀರಿ ಬಡ್ಡಿ ಹಾಕುವ ಕಾರ್ಡುಗಳು ಸರ್ವೇಸಾಮಾನ್ಯ.

“ನಾನು ಮಾಡಿದ ಖರ್ಚಲ್ಲ” ಎಂದು ಬ್ಯಾಂಕಿನ ಮುಂದೆ ಹೇಳಿ ಪ್ರಯೋಜನವಿಲ್ಲ. ಕದ್ದ ಕಾರ್ಡ್ ಉಜ್ಜಿದರೆ ಗ್ರಾಹಕನ ಹೊಣೆ 50 ಡಾಲರಿಗೆ ಮೀರುವಂತಿಲ್ಲ ಎಂದು ಅಮೆರಿಕದ ಕಾನೂನು ಹೇಳುತ್ತದೆ. ಭಾಮೈದ ಕದ್ದಿಲ್ಲವಲ್ಲ, ನೀವೇ ಕೊಟ್ಟದ್ದು. ತಿಂಗಳಿಗೆ ಇನ್ನೂರು ಡಾಲರ್ ಮಾತ್ರ ಅಂತ ಮನೆಯಲ್ಲಿ ಆದ ಒಪ್ಪಂದ ಬ್ಯಾಂಕಿಗೆ ಗೊತ್ತಿಲ್ಲ, ಗೊತ್ತಾದರೂ ಬೇಕಿಲ್ಲ. ವಿಚ್ಛೇದನದಲ್ಲೂ ಹೀಗೇ ಆಗುತ್ತದೆ. ಯಾರು ಯಾವ ಬಾಕಿ ಕಟ್ಟಬೇಕೆಂದು ನ್ಯಾಯಾಲಯ ಹಂಚಿಕೊಟ್ಟರೂ ಬ್ಯಾಂಕು ಹುಡುಕುವುದು ಕಾರ್ಡಿಗೆ ಸಹಿ ಹಾಕಿದವರನ್ನೇ.

ಮೂಲ ಕಾರ್ಡಿನವರು ತೀರಿಕೊಂಡರೆ ಆಥರೈಸ್ಡ್ ಯೂಸರ್ ಆ ಬಾಕಿ ಕಟ್ಟಬೇಕಾಗಿಲ್ಲ. ಆದರೆ ಸುದ್ದಿ ಗೊತ್ತಾದ ಮೇಲೆ ಆ ಕಾರ್ಡ್ ಮುಟ್ಟುವಂತಿಲ್ಲ. ಹೆಂಡತಿ ಅಥವಾ ಗಂಡ ಆಗಿದ್ದರೆ ಒಂದು ಎಚ್ಚರಿಕೆ: ಕ್ಯಾಲಿಫೋರ್ನಿಯಾ, ಟೆಕ್ಸಸ್, ವಾಷಿಂಗ್ಟನ್ ಸೇರಿ ಒಂಬತ್ತು ರಾಜ್ಯಗಳಲ್ಲಿ ದಾಂಪತ್ಯದ ಆಸ್ತಿ, ಸಾಲ ಎರಡೂ ಇಬ್ಬರದು ಎಂಬ ಕಾನೂನಿದೆ. ನಮ್ಮವರು ಬಹಳ ಮಂದಿ ಇಂಥ ರಾಜ್ಯಗಳಲ್ಲಿದ್ದಾರೆ.

ಕೆಟ್ಟ ಕಡತಕ್ಕೆ ಎಷ್ಟು ಮದ್ದು?

ಫೆಡರಲ್ ರಿಸರ್ವಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಈ ವಿಷಯದ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಹೆಸರು ಸೇರಿಸುವುದರಿಂದ ಸ್ಕೋರ್ ನಿಜವಾಗಿ ಏರಬಲ್ಲದು, ಅದರಲ್ಲೂ ಕಡತ ತೆಳುವಾಗಿರುವವರಿಗೆ, ಇತಿಹಾಸ ಚಿಕ್ಕದಿರುವವರಿಗೆ ಎಂಬುದು ಅದರ ಸಾರ. ಹೊಸದಾಗಿ ಬಂದ ವಿದ್ಯಾರ್ಥಿ, ಕಾಲೇಜಿಗೆ ಕಾಲಿಟ್ಟ ಮಗಳು, ಮನೆಯೊಡತಿ ಇಂಥವರು.

ಕಡತ ಕೆಟ್ಟಿರುವವರ ಪಾಡು ಬೇರೆ. ಭಾವನ ಹತ್ತು ವರ್ಷ ಬಂದು ಪಕ್ಕದಲ್ಲಿ ಕೂತರೂ ಭಾಮೈದನ ತಪ್ಪಿದ ಬಿಲ್ಲುಗಳು ಅಳಿಸಿಹೋಗುವುದಿಲ್ಲ. ಏಳು ವರ್ಷದ ಗಡುವು ಅವಕ್ಕೂ ಇದೆ. ದಿವಾಳಿ ಅರ್ಜಿ ಹಾಕಿದ್ದರೆ ಹತ್ತು ವರ್ಷದ ತನಕ ಕಾಣಬಹುದು. ಬಳಕೆಯ ಪಾಲು ಕಡಿಮೆಯಾಗಿ, ದಾಖಲೆಯ ಸರಾಸರಿ ವಯಸ್ಸು ಏರಿ ಸ್ಕೋರ್ ಸ್ವಲ್ಪ ಮೇಲೆದ್ದೀತು. ಅವನ ಹಳೆಯ ಬಾಕಿ ಇನ್ನೂ ತೀರದೆ ವಸೂಲಿ ಕಂಪನಿಯ ಕೈಯಲ್ಲಿದ್ದರೆ ಆ ಏರಿಕೆಯೂ ಗೋಚರಿಸುವುದು ಅನುಮಾನ.

ಮನೆ ಸಾಲದ ಹೊತ್ತಿಗೆ ಇನ್ನೊಂದು ತಡೆ. ಅಮೆರಿಕದ ಮನೆ ಸಾಲಗಳಲ್ಲಿ ದೊಡ್ಡ ಪಾಲನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮಗಳ ಪ್ರಕಾರ ಅಧಿಕಾರಿ ಕಡತವನ್ನು ಕೈಯಾರೆ ಪರಿಶೀಲಿಸುವಾಗ ಆಥರೈಸ್ಡ್ ಯೂಸರ್ ಲೆಕ್ಕವನ್ನು ಸಾಮಾನ್ಯವಾಗಿ ಪಕ್ಕಕ್ಕಿಡುತ್ತಾನೆ. ಸಂಗಾತಿಯ ಕಾರ್ಡ್ ಆಗಿದ್ದರೆ, ಅಥವಾ ಕನಿಷ್ಠ ಹನ್ನೆರಡು ತಿಂಗಳು ತಾನೇ ಕಟ್ಟಿದ್ದಕ್ಕೆ ಪುರಾವೆ ತೋರಿಸಿದರೆ ವಿನಾಯಿತಿ ಉಂಟು. ಭಾವನ ಕಾರ್ಡು ಬಾಡಿಗೆ ಮನೆಗೆ ನೆರವಾದೀತು, ಸ್ವಂತ ಮನೆಗೆ ಅನುಮಾನ.

ಹಾಗಾಗಿ ನನ್ನ ಅಭಿಪ್ರಾಯ ಇದು. ಕಡತ ಖಾಲಿ ಇರುವವರಿಗೆ ಹೆಸರು ಸೇರಿಸುವುದು ನಿಜವಾದ ಉಪಕಾರ. ಕಡತ ಕೆಟ್ಟವರಿಗೆ ಮೊದಲ ಉಪಕಾರ ಅವರದೇ ಹೆಸರಿನ ಡಿಪಾಸಿಟ್ ಕಾರ್ಡ್. 200 ಡಾಲರ್ ಬ್ಯಾಂಕಿನಲ್ಲಿಟ್ಟರೆ ಅಷ್ಟೇ ಮಿತಿಯ ಕಾರ್ಡ್ ಕೊಡುವ ಕಂಪನಿಗಳಿವೆ. ತಿಂಗಳಿಗೊಮ್ಮೆ ಪೆಟ್ರೋಲ್ ಹಾಕಿಸಿ ಬಿಲ್ ತೀರಿಸುತ್ತಾ ಬಂದರೆ ದಾಖಲೆ ಅವನದೇ ಆಗುತ್ತದೆ. ಭಾವ ಆ 200 ಡಾಲರ್ ಕೊಟ್ಟು ಮರೆತುಬಿಟ್ಟರೂ ನಷ್ಟ ಅಲ್ಲಿಗೇ ಮುಗಿಯಿತು.

ನಮ್ಮ ಆಡ್-ಆನ್ ಕಾರ್ಡ್

ಭಾರತದಲ್ಲಿ ಇದರ ಸೋದರ ಸಂಬಂಧಿ ಆಡ್-ಆನ್ ಕಾರ್ಡ್. ಹೆಂಡತಿಗೆ, ಮಕ್ಕಳಿಗೆ, ಅಪ್ಪ ಅಮ್ಮನಿಗೆ ಕೊಡಿಸುವ ರೂಢಿ ಹಳೆಯದು. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ಕಾರ್ಡ್ ನಿರ್ದೇಶನಗಳಲ್ಲಿ ಮಾತು ಸ್ಪಷ್ಟವಾಗಿದೆ: ಮೂಲ ಕಾರ್ಡಿನವರು ಗುರುತಿಸಿದವರಿಗೆ ಮಾತ್ರ ಆಡ್-ಆನ್ ಕಾರ್ಡ್ ಕೊಡಬೇಕು, ಹೊಣೆ ಮೂಲ ಕಾರ್ಡಿನವರದೇ. ಸಿಬಿಲ್ ಕೆಟ್ಟವರಿಗೆ ಇಲ್ಲೂ ಒಳ್ಳೆಯ ದಾರಿ ಎಫ್‌ಡಿ ಇಟ್ಟು ಅದರ ಮೇಲೆ ಸ್ವಂತ ಕಾರ್ಡ್ ಪಡೆಯುವುದು. ಶೂರಿಟಿ ಸಹಿ ಹಾಕಿ ಕೈ ಸುಟ್ಟುಕೊಂಡವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಆಡ್-ಆನ್ ಕೊಡುವಾಗ ಮಾತ್ರ ಅದೇ ಜನ ಎರಡು ಸಲ ಯೋಚಿಸುವುದಿಲ್ಲ. ಶೂರಿಟಿಯಲ್ಲಿ ಸಾಮಾನ್ಯವಾಗಿ ಮೊದಲು ಸಾಲಗಾರನನ್ನಾದರೂ ಕೇಳುತ್ತಾರೆ. ಇಲ್ಲಿ ಸಾಲಗಾರ ನೀವೇ.

ಸೇರಿಸುವುದೇ ಆದರೆ

ಎಲ್ಲ ಗೊತ್ತಿದ್ದೂ ಸೇರಿಸಲೇಬೇಕಾದ ಸಂದರ್ಭಗಳಿರುತ್ತವೆ. ಅಮೆರಿಕದಲ್ಲಿರುವ ಓದುಗರು, ಅವರಿಗೆ ಫೋನಿನಲ್ಲಿ ಬುದ್ಧಿ ಹೇಳುವ ಇಲ್ಲಿನ ಅಪ್ಪಂದಿರು ಇಷ್ಟು ಗಮನಿಸಲಿ.

ಕಾರ್ಡ್ ಕಂಪನಿಗೆ ಮೊದಲು ಫೋನ್ ಮಾಡಿ, ಆಥರೈಸ್ಡ್ ಯೂಸರ್ ಲೆಕ್ಕವನ್ನು ಮೂರೂ ಬ್ಯೂರೋಗಳಿಗೆ ವರದಿ ಮಾಡುತ್ತೀರಾ ಎಂದು ಕೇಳಿ. ವರದಿ ಮಾಡದ ಕಂಪನಿಗಳೂ ಇವೆ, ಅಲ್ಲಿ ಸೇರಿಸಿ ಫಲವಿಲ್ಲ. ನಿಮ್ಮಲ್ಲಿ ಎರಡು ಮೂರು ಕಾರ್ಡ್ ಇದ್ದರೆ ಹಳೆಯದನ್ನು, ಬಾಕಿ ಕಡಿಮೆ ಇರುವುದನ್ನು, ಎಂದೂ ತಪ್ಪದ್ದನ್ನು ಆರಿಸಿ. ಅಂಚಿನ ತನಕ ತುಂಬಿದ ಕಾರ್ಡಿಗೆ ಸೇರಿಸಿದರೆ ಅವರ ಸ್ಕೋರನ್ನು ನೀವೇ ಕೆಳಗೆಳೆದಂತೆ. ದುಬಾರಿ ಕಾರ್ಡುಗಳಲ್ಲಿ ಹೆಚ್ಚುವರಿ ಹೆಸರಿಗೆ ವರ್ಷಕ್ಕೆ ಪ್ರತ್ಯೇಕ ಶುಲ್ಕ ಬೀಳುವುದೂ ಉಂಟು.

ಹೆಸರಿನ ಫಲ ಸಿಗಲು ಅವರು ಕಾರ್ಡ್ ಬಳಸಬೇಕೆಂದೇನೂ ಇಲ್ಲ. ಅವರ ಹೆಸರಿನ ಕಾರ್ಡ್ ಅಂಚೆಯಲ್ಲಿ ಬಂದಾಗ ನಿಮ್ಮ ಬೀರುವಿನಲ್ಲೇ ಇರಲಿ. ಅದನ್ನು ಮೊದಲೇ ಬಾಯಿಬಿಟ್ಟು ಹೇಳಿ. ಹೇಳಲು ಸಂಕೋಚವೆನಿಸಿದರೆ ಸೇರಿಸುವ ವಿಚಾರವನ್ನೇ ಬಿಡಿ. ಹೆಚ್ಚುವರಿ ಕಾರ್ಡಿಗೆ ಪ್ರತ್ಯೇಕ ಮಿತಿ ಹಾಕಲು ಕೆಲವೇ ಕಂಪನಿಗಳು ಬಿಡುತ್ತವೆ. ಪ್ರತಿ ಖರ್ಚಿಗೂ ಮೊಬೈಲಿಗೆ ಸಂದೇಶ ಬರುವ ಏರ್ಪಾಡು ಮಾತ್ರ ಈಗ ಎಲ್ಲೆಡೆ ಇದೆ, ಅದನ್ನು ಮಾಡಿಕೊಳ್ಳಿ. ನಿಮ್ಮ ಬಿಲ್ಲಿಗೆ ಆಟೋ-ಪೇ ಹಾಕಿಡಿ. ನಿಮ್ಮ ಮರೆವಿಗೆ ಅವರ ಕಡತದಲ್ಲೂ ಕಲೆ ಬೀಳಬಹುದು.

ಬೇಡವೆನಿಸಿದ ದಿನ ತೆಗೆಸುವುದು ಸುಲಭ, ಒಂದು ಫೋನ್ ಸಾಕು. ತೆಗೆಸಿದ ಮೇಲೆ ಆ ಲೆಕ್ಕ ಅವರ ಕಡತದಿಂದ ಹೋಗುತ್ತದೆ, ಅದರಿಂದ ಏರಿದ್ದ ಅಂಕವೂ ಇಳಿಯಬಹುದು. ಹಾಗಾಗಿ ಅಷ್ಟರೊಳಗೆ ಅವರು ಸ್ವಂತ ಕಾರ್ಡೊಂದನ್ನು ಶುರು ಮಾಡಿರಬೇಕು.

ಸೇರಿಸಿ ಎರಡು ಬಿಲ್ ಮುಗಿದ ಮೇಲೆ ಅವರ ಮೂರೂ ಕಡತ ತೆಗೆಸಿ ನೋಡಿ. ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಅದು ವಾರಕ್ಕೊಮ್ಮೆ ಉಚಿತ. ಕಾರ್ಡ್ ಅಲ್ಲಿ ಕಾಣಿಸದಿದ್ದರೆ ಮತ್ತೆ ಫೋನ್ ಮಾಡಿ ಕಾರಣ ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಹೆಸರು ತೆಗೆಸಿಬಿಡಿ.